ಸಸ್ಯರಸ ಮತ್ತು ಮಣ್ಣಿನ ಚಿತ್ರ: ಬಯೋಡೈನಮಿಕ್ ಕೃಷಿಯಲ್ಲಿ ಪರೀಕ್ಷಾಕ್ರಮದ ಇತಿಹಾಸ

ಮಣ್ಣಿನ ಸತ್ತ್ವವನ್ನು ಅರಿಯುವುದೆಂದರೆ ಅದರಲ್ಲಿರುವ ದ್ರವ್ಯಗಳನ್ನು ತೂಗಿ ನೋಡುವುದು ಎಂಬ ಭಾವನೆಗೆ ಶಾಸ್ತ್ರೀಯವಾದ ರೂಪ ಬಂದುದು ಹತ್ತೊಂಬತ್ತನೆಯ ಶತಮಾನದ ಜರ್ಮನಿಯಲ್ಲಿ. ಕಾರ್ಲ್ ಸ್ಪ್ರೆಂಗೆಲನು ಮೊದಲು ಸೂಚಿಸಿದ ವಿಚಾರವನ್ನು ಯುಸ್ಟುಸ್ ಲೀಬಿಗನು ೧೮೪೦ರ ತನ್ನ ಗ್ರಂಥದಿಂದ ಜಗತ್ತಿಗೆ ಪರಿಚಯಿಸಿದನು. ಸಸ್ಯವು ಖನಿಜ ಲವಣಗಳನ್ನು ಹೀರಿ ಬೆಳೆಯುತ್ತದೆ. ಯಾವ ಪೋಷಕದ್ರವ್ಯವು ಅತ್ಯಂತ ಕೊರತೆಯಾಗಿರುವುದೋ ಅದೇ ಇಳುವರಿಯ ಮಿತಿಯನ್ನು ಗೊತ್ತುಮಾಡುತ್ತದೆ ಎಂಬುದು ಈ ಮತದ ಸಾರ. ೧೯೧೩ರಲ್ಲಿ ಓಪ್ಪೌ ಎಂಬಲ್ಲಿ ಗಾಳಿಯ ಸಾರಜನಕದಿಂದ ಅಮೋನಿಯ ತಯಾರಿಸುವ ಕಾರ್ಖಾನೆ ಪ್ರಾರಂಭವಾದ ಮೇಲೆ ಈ ಮತಕ್ಕೆ ಕೈಗಾರಿಕೆಯ ಬಲವೂ ದೊರೆಯಿತು.

ಇದಕ್ಕೆ ಪ್ರತಿಯಾಗಿ ಎದ್ದ ಧ್ವನಿಗಳಲ್ಲಿ ರುಡಾಲ್ಫ್ ಸ್ಟೈನರನದು ಒಂದು. ೧೯೨೪ರ ಜೂನ್ ತಿಂಗಳಲ್ಲಿ, ಆಗ ಜರ್ಮನಿಗೆ ಸೇರಿದ್ದು ಈಗ ಪೋಲೆಂಡಿನಲ್ಲಿರುವ ಕೋಬರ್ವಿಟ್ಸ್ ಗ್ರಾಮದಲ್ಲಿ, ಕೈಸರ್ಲಿಂಕ್ ಪ್ರಭುವಿನ ಜಮೀನಿನಲ್ಲಿ ಆತನು ರೈತರಿಗೆ ಎಂಟು ಉಪನ್ಯಾಸಗಳನ್ನು ನೀಡಿದನು. ಜಮೀನನ್ನು ಒಂದು ಜೀವಿಯಂತೆ ಕಾಣಬೇಕು, ಹಸುವಿನ ಕೊಂಬಿನಲ್ಲಿ ತುಂಬಿ ಹೂತಿಟ್ಟ ಸಗಣಿಯನ್ನೂ ಬೆಣಚುಕಲ್ಲಿನ ಪುಡಿಯನ್ನೂ ಅತ್ಯಲ್ಪ ಪ್ರಮಾಣದಲ್ಲಿ ನೀರಿಗೆ ಬೆರಸಿ ಬಳಸಬೇಕು ಎಂಬುವು ಅವನ ಸೂಚನೆಗಳಲ್ಲಿ ಮುಖ್ಯವಾದವು. ತನ್ನ ಮಾತುಗಳನ್ನು ಪ್ರಯೋಗದಿಂದ ಪರೀಕ್ಷಿಸಬೇಕೆಂದು ಆತನೇ ಹೇಳಿದ್ದುದರಿಂದ ರೈತರ ಪ್ರಯೋಗಮಂಡಲವೊಂದು ಅಲ್ಲಿಯೇ ಏರ್ಪಟ್ಟಿತು. ಆದರೆ ೧೯೨೫ರ ಮಾರ್ಚಿನಲ್ಲಿ ಸ್ಟೈನರನು ತೀರಿಕೊಂಡನು. ಆತನು ಹೇಳಿದ್ದುದು ದ್ರವ್ಯಗಳ ವಿಚಾರವನ್ನಲ್ಲ, ರೂಪವನ್ನು ಕೊಡುವ ಶಕ್ತಿಗಳ ವಿಚಾರವನ್ನು. ತಕ್ಕಡಿಗೆ ಸಿಕ್ಕದ ಶಕ್ತಿಯನ್ನು ಪರೀಕ್ಷಿಸುವ ಬಗೆ ಹೇಗೆ? ಈ ಪ್ರಶ್ನೆಯೇ ಶಿಷ್ಯರಿಗೆ ಉಳಿದ ಆಸ್ತಿ.

ಮೊದಲನೆಯ ಉತ್ತರವನ್ನು ಕೊಟ್ಟವಳು ಲಿಲಿ ಕೋಲಿಸ್ಕೊ (೧೮೮೯–೧೯೭೬). ಅವಳ ಸಾಧನ ಸಾಮಾನ್ಯವಾದ ಸೋಸುಕಾಗದ. ಕಾಗದದ ಮೇಲೆ ದ್ರಾವಣಗಳು ಹರಡಿ ಮೂಡಿಸುವ ಆಕೃತಿಗಳನ್ನು ರುಂಗೆ ಎಂಬ ರಸಾಯನಜ್ಞನು ೧೮೫೫ರಷ್ಟು ಹಿಂದೆಯೇ ಪ್ರಕಟಿಸಿದ್ದನು. ಕೋಲಿಸ್ಕೊ ಸಸ್ಯವನ್ನು ಅರೆದು ತೆಗೆದ ರಸವನ್ನು ತಟ್ಟೆಯಲ್ಲಿಟ್ಟು, ಕೊಳವೆಯಾಗಿ ಸುತ್ತಿದ ಕಾಗದವನ್ನು ಅದರಲ್ಲಿ ನಿಲ್ಲಿಸಿದಳು. ರಸವು ಮೇಲಕ್ಕೆ ಏರಿ ಒಣಗಿದ ಬಳಿಕ ಸಿಲ್ವರ್ ನೈಟ್ರೇಟಿನಂಥ ಲೋಹಲವಣದ ದ್ರಾವಣವನ್ನು ಅದೇ ದಾರಿಯಲ್ಲಿ ಏರಿಸಿದಳು. ಆಗ ಕಾಗದದ ಮೇಲೆ ಬಣ್ಣಬಣ್ಣದ ಜ್ವಾಲೆಗಳಂತಹ ರೇಖೆಗಳು ಮೂಡುವುವು. ಬೇರೆ ಬೇರೆ ಸಸ್ಯಗಳ ಮತ್ತು ಬೆಳವಣಿಗೆಯ ಬೇರೆ ಬೇರೆ ಹಂತಗಳ ರಸಗಳನ್ನು ಹೀಗೆ ಹೋಲಿಸಿ, ಪತಿ ಓಯ್ಗೆನ್ ಕೋಲಿಸ್ಕೊನೊಡನೆ ಬರೆದ ಗ್ರಂಥವನ್ನು ೧೯೩೯ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟಿಸಿದಳು.

ಎರಡನೆಯ ಉತ್ತರ ಏರೆನ್‌ಫ್ರೀಡ್ ಫೈಫರನದು (೧೮೯೯–೧೯೬೧). ತಾಮ್ರದ ಕ್ಲೋರೈಡಿನ ದ್ರಾವಣವನ್ನು ಮಾತ್ರವೇ ಗಾಜಿನ ಮೇಲೆ ಆರಲು ಬಿಟ್ಟರೆ ಹರಳುಗಳು ಕ್ರಮವಿಲ್ಲದೆ ಚೆದರುತ್ತವೆ. ಅದಕ್ಕೆ ಸ್ವಲ್ಪ ಸಸ್ಯರಸವನ್ನು ಸೇರಿಸಿದರೆ ಕೇಂದ್ರದಿಂದ ಕವಲೊಡೆದು ಹರಡುತ್ತವೆ. ೧೯೨೦ರ ದಶಕದಲ್ಲಿ ಆತನು ಪ್ರಾರಂಭಿಸಿದ ಅಭ್ಯಾಸವಿದು. ಅಮೆರಿಕೆಗೆ ಹೋಗಿ ನೆಲಸಿದ ಮೇಲೆ, ೧೯೫೦ರ ದಶಕದಲ್ಲಿ, ಮಣ್ಣಿಗೂ ಕಾಂಪೋಸ್ಟಿಗೂ ಒಪ್ಪುವ ವರ್ತುಲಾಕಾರದ ವರ್ಣಲೇಖನವನ್ನು ರೂಢಿಗೆ ತಂದನು. ದುಂಡಾದ ಸೋಸುಕಾಗದದ ನಡುವೆ ತೂತುಮಾಡಿ, ಕಾಗದದ ಬತ್ತಿಯ ಮೂಲಕ ಮೊದಲು ಶೇಕಡಾ ಅರ್ಧದಷ್ಟು ಸಿಲ್ವರ್ ನೈಟ್ರೇಟ್ ದ್ರಾವಣವನ್ನು ಹರಿಸಿ ಕತ್ತಲೆಯಲ್ಲಿ ಒಣಗಿಸುವುದು; ಅನಂತರ ಶೇಕಡಾ ಒಂದರ ಸೋಡಿಯಂ ಹೈಡ್ರಾಕ್ಸೈಡಿನಲ್ಲಿ ಕದಡಿ ತಿಳಿಗೊಳಿಸಿದ ಮಣ್ಣಿನ ಸಾರವನ್ನು ಹರಿಸುವುದು. ಬೆಳಕಿನಲ್ಲಿಟ್ಟಾಗ ನಡುವಣ ವಲಯ, ಅರಗಳಂತಹ ಗೆರೆಗಳು, ಕಂದುಬಣ್ಣದ ಅಂಚು ಇವು ಕ್ರಮವಾಗಿ ಗೋಚರಿಸುವುವು. ಇದರಲ್ಲಿ ನಿಗೂಢವಾದುದು ಹೆಚ್ಚಿಲ್ಲ. ಕ್ಷಾರವು ಮಣ್ಣಿನ ಹ್ಯೂಮಸ್ ಅಂಶವನ್ನು ಕರಗಿಸುತ್ತದೆ. ಆ ಅಂಶದ ಸಂಪರ್ಕದಿಂದಲೂ ಬೆಳಕಿನಿಂದಲೂ ಬೆಳ್ಳಿಯ ಲವಣವು ಲೋಹವಾಗಿ ಬಣ್ಣ ತಳೆಯುತ್ತದೆ.

ಇದೇ ಕಾಲದಲ್ಲಿ ಸಾಂಪ್ರದಾಯಿಕ ವಿಜ್ಞಾನವೂ ಇದೇ ಸಾಮಗ್ರಿಗಳನ್ನು ಹಿಡಿದು ನಡೆಯುತ್ತಿತ್ತೆಂಬುದನ್ನು ಮರೆಯಬಾರದು. ಅಮೆರಿಕೆಯ ಪರ್ಡ್ಯೂ ವಿಶ್ವವಿದ್ಯಾನಿಲಯದ ಹಾಫರನು ೧೯೨೬ರಲ್ಲಿ ಮುಸುಕಿನ ಜೋಳದ ದಂಟನ್ನು ಸೀಳಿ, ಅದಕ್ಕೆ ರಾಸಾಯನಿಕಗಳನ್ನು ತಾಕಿಸಿ, ಬೆಳೆಗೆ ಯಾವ ಗೊಬ್ಬರದ ಕೊರತೆಯಿದೆಯೆಂದು ತಿಳಿಯುವ ಕ್ರಮವನ್ನು ವಿವರಿಸಿದನು. ಕಾಗದದ ವರ್ಣಲೇಖನವನ್ನು ೧೯೪೪ರಲ್ಲಿ ಕಾನ್ಸ್‌ಡನ್, ಗಾರ್ಡನ್, ಮಾರ್ಟಿನ್ ಇವರು ಪ್ರಕಟಿಸಿದರು. ವರ್ಣಲೇಖನದ ಒಂದು ಮುಖ್ಯ ವಿಧಾನವನ್ನು ಕಂಡುಹಿಡಿದುದಕ್ಕಾಗಿ ಮಾರ್ಟಿನ್ ಮತ್ತು ಸಿಂಜ್ ಇವರಿಗೆ ೧೯೫೨ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಸೋಸುಕಾಗದವು ಎರಡು ಪಂಥಗಳಿಗೂ ಸಮಾನ. ಕೇಳಿದ ಪ್ರಶ್ನೆ ಮಾತ್ರ ಬೇರೆ. ಒಂದು ಪಂಥವು ದ್ರವ್ಯಗಳನ್ನು ಬೇರ್ಪಡಿಸಿ ಹೆಸರಿಸಿತು. ಮತ್ತೊಂದು ಪಂಥವು ಚಿತ್ರವನ್ನು ಬೇರ್ಪಡಿಸದೆ ಸಮಗ್ರವಾಗಿ ಓದಲು ಹವಣಿಸಿತು.

ದೌರ್ಬಲ್ಯವಿರುವುದೂ ಈ ಓದಿನಲ್ಲಿಯೇ. ಕಾಗದದ ಗುಣ, ಗಾಳಿಯ ತೇವ, ಉಷ್ಣತೆ, ರಸವನ್ನು ತೆಗೆದ ಹೊತ್ತು ಇವುಗಳಲ್ಲಿ ಯಾವುದು ವ್ಯತ್ಯಾಸವಾದರೂ ಚಿತ್ರವು ವ್ಯತ್ಯಾಸವಾಗುತ್ತದೆ. ಮಾದರಿಯು ಯಾವ ಹೊಲದ್ದೆಂದು ಮೊದಲೇ ತಿಳಿದವನ ಕಣ್ಣು ತಾನು ಬಯಸಿದುದನ್ನೇ ಕಾಣುವುದೂ ಸಂಭವ. ಈ ಆಕ್ಷೇಪಕ್ಕೆ ಸಮಾಧಾನ ಹೇಳುವ ಪ್ರಯತ್ನವು ಇತ್ತೀಚಿನದು. ಜರ್ಮನಿಯ ಕಾಸೆಲ್ ವಿಶ್ವವಿದ್ಯಾನಿಲಯದವರು ಡೆನ್ಮಾರ್ಕ್ ಮತ್ತು ನೆದರ್ಲೆಂಡ್ಸ್ ದೇಶಗಳ ಸಂಶೋಧಕರೊಡನೆ ಸೇರಿ ಹರಳುಗಳ ಪರೀಕ್ಷೆಯ ಸನ್ನಿವೇಶಗಳನ್ನು ನಿಯತಗೊಳಿಸಿ, ಚಿತ್ರಗಳನ್ನು ಗಣಕಯಂತ್ರದಿಂದ ವಿಶ್ಲೇಷಿಸಿದರು. ಸಾವಯವ ಗೋಧಿಯನ್ನೂ ಇತರ ಗೋಧಿಯನ್ನೂ ಬೇರ್ಪಡಿಸಿ ಗುರುತಿಸುವುದರಲ್ಲಿ ಸ್ವಲ್ಪಮಟ್ಟಿಗೆ ಯಶಸ್ಸನ್ನೂ ಪಡೆದರು. ಆದರೆ ಎರಡು ಮಾದರಿಗಳು ಭಿನ್ನವೆಂದು ತೋರಿಸುವುದು ಒಂದು. ಇವುಗಳಲ್ಲಿ ಇದು ಉತ್ತಮವೆಂದು ಸ್ಥಾಪಿಸುವುದು ಮತ್ತೊಂದು. ಸ್ಟೈನರನು ಹೇಳಿದ ಶಕ್ತಿಗಳು ಉಂಟೆಂದು ಸಾಧಿಸುವುದಂತೂ ತೀರ ಬೇರೆಯ ಮಾತು.

ಮಣ್ಣಿನ ಆರೋಗ್ಯದ ವಿಷಯದಲ್ಲಿ ಹೆಚ್ಚು ದೃಢವಾದ ಸಾಕ್ಷ್ಯವು ದೊರೆತುದು ದೀರ್ಘಕಾಲದ ಕ್ಷೇತ್ರಪ್ರಯೋಗಗಳಿಂದ. ಸ್ವೀಡನ್ನಿನ ಯೆರ್ನಾದಲ್ಲಿ ೧೯೫೮ರಿಂದ ೧೯೯೦ರವರೆಗೆ ಒಂದು ಪ್ರಯೋಗವು ನಡೆಯಿತು. ಸ್ವಿಟ್ಸರ್ಲೆಂಡಿನ ಥೆರ್ವಿಲ್‌ನಲ್ಲಿ ೧೯೭೮ರಲ್ಲಿ ಮತ್ತೊಂದು ಪ್ರಾರಂಭವಾಯಿತು. ಅದರ ಇಪ್ಪತ್ತೊಂದು ವರ್ಷಗಳ ಫಲಿತಾಂಶವು ೨೦೦೨ರಲ್ಲಿ ಪ್ರಕಟವಾಯಿತು. ಬಯೋಡೈನಮಿಕ್ ಮತ್ತು ಸಾವಯವ ತಾಕುಗಳಲ್ಲಿ ಇಳುವರಿಯು ಶೇಕಡಾ ೨೦ರಷ್ಟು ಕಡಮೆ. ಗೊಬ್ಬರ ಮತ್ತು ಇಂಧನಶಕ್ತಿಯ ವೆಚ್ಚವು ಶೇಕಡಾ ೩೪ರಿಂದ ೫೩ರವರೆಗೆ ಕಡಮೆ. ಪೀಡೆನಾಶಕಗಳ ಬಳಕೆಯು ಶೇಕಡಾ ೯೭ರಷ್ಟು ಕಡಮೆ. ಮಣ್ಣಿನ ಸೂಕ್ಷ್ಮಜೀವಿಗಳ ರಾಶಿಯು ಬಯೋಡೈನಮಿಕ್ ತಾಕುಗಳಲ್ಲಿ ಅಧಿಕವಾಗಿದ್ದಿತು. ಇಷ್ಟಾದರೂ ಈ ಪ್ರಯೋಗವು ಹೋಲಿಸಿದುದು ಕೃಷಿಪದ್ಧತಿಗಳನ್ನು ಒಟ್ಟಾಗಿ. ಈ ಗುಣವು ಕಳಿತ ಕಾಂಪೋಸ್ಟಿನಿಂದ ಬಂದುದೋ ಕೊಂಬಿನ ಗೊಬ್ಬರದಿಂದ ಬಂದುದೋ ಎಂಬುದನ್ನು ಅದೊಂದರಿಂದಲೇ ನಿರ್ಣಯಿಸಲಾಗದು.

ಹೀಗೆ ನೂರು ವರ್ಷಗಳ ಈ ಇತಿಹಾಸದಲ್ಲಿ ಪರೀಕ್ಷಾಸಾಧನವು ಸಿದ್ಧಾಂತಕ್ಕಿಂತ ಹೆಚ್ಚು ಬಾಳಿಕೆಯುಳ್ಳದ್ದಾಗಿ ಕಂಡುಬರುತ್ತದೆ. ಫೈಫರನ ಕಾಗದವು ಮಣ್ಣಿನ ಹ್ಯೂಮಸ್ಸಿನ ಸ್ಥಿತಿಯನ್ನು ಕುರಿತು ರೈತನಿಗೆ ಅಲ್ಪವೆಚ್ಚದ ಸೂಚನೆಯನ್ನು ಕೊಡಬಲ್ಲುದು. ಆದರೆ ತೂಕ ಮತ್ತು ಅಳತೆಗಳ ಪರೀಕ್ಷೆಗೆ ಅದು ಪ್ರತಿನಿಧಿಯಾಗಲಾರದು. ಗುಣವನ್ನು ಸಮಗ್ರವಾಗಿ ಕಾಣಬೇಕೆಂಬ ಹಂಬಲವನ್ನು ಹಳಿಯದೆ, ಕಂಡುದನ್ನು ಹೆಸರು ಮರೆಸಿದ ಮಾದರಿಗಳಿಂದ ಒರೆಗೆ ಹಚ್ಚುವ ಶಿಸ್ತನ್ನು ಬಿಡದೆ ಇರುವುದೇ ಈ ವಿಷಯದ ಅಧ್ಯಯನಕ್ಕೆ ತೊಡಗುವವರಿಗೆ ಉಚಿತವಾದ ಮಾರ್ಗ.