ಡೇರೆ ಮೇಳ, ಹರಕೆ ಮೇಳ ಮತ್ತು ಆರ್‌ಸಿಬಿ

ನಮ್ಮ ಗೇರುಸೊಪ್ಪೆ ಕಡೆ ಆಟ ಅಂದ್ರೆ ಮೊದಲು ಯಕ್ಷಗಾನ, ಆಮೇಲೆ ಕ್ರಿಕೆಟ್ಟು. ಚಿಕ್ಕವನಿದ್ದಾಗ ಟೆಂಟ್ ಮೇಳದ ಆಟಕ್ಕೆ ಅಜ್ಜನ ಜೊತೆ ಹೋಗ್ತಿದ್ದೆ. ಒಳಗೆ ಹೋದ ಕೂಡಲೇ ಅಜ್ಜ ಜನ ಎಷ್ಟಿದ್ದಾರೆ ಅಂತ ಎಣಿಸಿ, “ಇವತ್ತು ಮೇಳಕ್ಕೆ ಲುಕ್ಸಾನೇ ಮಾಣಿ” ಅಂದುಬಿಡ್ತಿದ್ದ. ಟಿಕೆಟ್ ಹೋದ್ರೆ ಉಂಟು, ಇಲ್ಲದಿದ್ರೆ ಇಲ್ಲ. ಮಳೆ ಬಂತೋ, ಅವತ್ತಿನ ಕಥೆ ಮುಗೀತು.

ಅದೇ ಲೆಕ್ಕ ಹಿಡಿದುಕೊಂಡು ಆರ್‌ಸಿಬಿ ನೋಡಿದಾಗ ನನಗೆ ತಲೆಬುಡ ಅರ್ಥವಾಗಿರಲಿಲ್ಲ. 2008ರ ಜನವರಿಯಲ್ಲಿ ವಿಜಯ್ ಮಲ್ಯ 11.16 ಕೋಟಿ ಡಾಲರಿಗೆ ಬೆಂಗಳೂರು ತಂಡ ಹಿಡಿದರು. ಹತ್ತು ವರ್ಷದ ಕಂತು. ಎಂಟು ತಂಡಗಳಲ್ಲಿ ಮುಂಬೈ ಬಿಟ್ಟರೆ ಇದೇ ದುಬಾರಿ. ಮೊದಲ ವರ್ಷ ಬಂದಿದ್ದು ಏಳನೇ ಸ್ಥಾನ! ಡೇರೆ ಮೇಳವಾಗಿದ್ರೆ ಗೂಟ ಕೀಳಬೇಕಿತ್ತು.

ಕೀಳಲಿಲ್ಲ. ಯಾಕಂದ್ರೆ ಐಪಿಎಲ್ ಡೇರೆ ಮೇಳವಲ್ಲ, ಹರಕೆ ಮೇಳ. ಮಂದಾರ್ತಿ ಮೇಳದ ಆಟಗಳು ವರ್ಷಗಟ್ಟಲೆ ಮುಂಚೆ ಬುಕ್ ಆಗಿರುತ್ತವಲ್ಲ, ಹಾಗೆ. ಎದುರಿಗೆ ಹತ್ತು ಜನ ಕೂತರೂ ವೀಳ್ಯ ಬಂದಾಗಿದೆ. ಇಲ್ಲಿ ಹರಕೆ ಹೊತ್ತವರು ಟಿವಿಯವರು. ಬಿಸಿಸಿಐ ಎಲ್ಲ ತಂಡಗಳ ಪರವಾಗಿ ಪ್ರಸಾರದ ಹಕ್ಕು ಒಟ್ಟಿಗೆ ಮಾರಿ ದೊಡ್ಡ ಪಾಲನ್ನು ತಂಡಗಳಿಗೆ ಹಂಚುತ್ತೆ. ಗೆದ್ದವರಿಗೂ ಸೋತವರಿಗೂ ಹೆಚ್ಚುಕಮ್ಮಿ ಸಮಪಾಲು. 2018–22ರ ಹಕ್ಕು 16,347.5 ಕೋಟಿ ರೂಪಾಯಿಗೆ ಹೋಯ್ತು, 2023–27ರದ್ದು 48,390 ಕೋಟಿಗೆ. ಆಟಗಾರರ ಖರ್ಚಿಗೆ ಮಾತ್ರ ಮಿತಿ: 2025ಕ್ಕೆ ತಂಡಕ್ಕೆ 120 ಕೋಟಿ. ಕಂತು ತೀರಿದ ಮೇಲೆ, 2018ರಿಂದ, ಹಳೇ ತಂಡಗಳು ಆದಾಯದಲ್ಲಿ ನೂರಕ್ಕೆ ಇಪ್ಪತ್ತು ಬಿಸಿಸಿಐಗೆ ಕೊಡಬೇಕು, ಅಷ್ಟೇ. ಜೆರ್ಸಿ ಮೇಲಿನ ಜಾಹೀರಾತು, ತವರಿನ ಪಂದ್ಯದ ಟಿಕೆಟ್ಟು ಇವೆಲ್ಲ ಬೇರೆ. (ಮಲ್ಯರಿಗೆ ತಂಡದ ಹೆಸರೇ ಒಂದು ಲಾಭ. ಟಿವಿಯಲ್ಲಿ ಹೆಂಡದ ಜಾಹೀರಾತು ಹಾಕುವಂತಿಲ್ಲ, ಆದರೆ ರಾಯಲ್ ಚಾಲೆಂಜ್ ವಿಸ್ಕಿಯ ಹೆಸರು ದಿನಾ ಕೇಳಿಸ್ತಿತ್ತು!)

ಹಾಗಂತ ಎಲ್ಲರೂ ಉಳಿದರು ಅಂತಲ್ಲ. ಬ್ಯಾಂಕ್ ಗ್ಯಾರಂಟಿ ಕೊಡಲಾಗದೆ ಕೊಚ್ಚಿ ತಂಡ 2011ರಲ್ಲಿ ಒಂದೇ ಸೀಸನ್ನಿಗೆ ಹೋಯ್ತು, ಮರುವರ್ಷ ಡೆಕ್ಕನ್ ಚಾರ್ಜರ್ಸ್.

ಆರ್‌ಸಿಬಿ ಹದಿನೇಳು ಸೀಸನ್ ಕಪ್ ಇಲ್ಲದೇ ನಡೀತು. “ಈ ಸಲ ಕಪ್ ನಮ್ದೆ” ಅಂತ ನಾವು ಕೂಗಿದ್ದೇ ಕೂಗಿದ್ದು. ಸೋತಾಗೆಲ್ಲ ಊಟ ಬಿಟ್ಟವರು ನಾವು, ಮಾಲೀಕರ ಪಾಲು ಬರ್ತಾನೇ ಇತ್ತು. ಕೊನೆಗೂ 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಕಪ್ ಬಂತು. ಮರುದಿನ ಚಿನ್ನಸ್ವಾಮಿ ಸ್ಟೇಡಿಯಮ್ಮಿನ ಗೇಟುಗಳ ಹತ್ತಿರ ಕಾಲ್ತುಳಿತದಲ್ಲಿ ಹನ್ನೊಂದು ಜನ ಸತ್ತರು.

ಆ ರಾತ್ರಿ ಟಿವಿ ಆರಿಸಿದ ಮೇಲೂ ಅಜ್ಜ ನೆನಪಾಗ್ತಿದ್ದ. ಡೇರೆಯ ಬಾಗಿಲ ಕಡೆ ಕತ್ತು ತಿರುಗಿಸಿ, ಒಳಗೆ ಬರೋರನ್ನ ಒಬ್ಬೊಬ್ಬರನ್ನೇ ಎಣಿಸ್ತಿದ್ದ ಅಜ್ಜ.