ದರ್ಬೆಯ ರೇಫ: ಕನ್ನಡ ಕೀಲಿಮಣೆ ತಂತ್ರಾಂಶಗಳ ಒಂದು ಚಾರಿತ್ರಿಕ ಪರಿಶೀಲನೆ

ಕನ್ನಡ ಗಣಕೀಕರಣದ ಚರಿತ್ರೆಯನ್ನು ಸಾಮಾನ್ಯವಾಗಿ ಅಕ್ಷರವಿನ್ಯಾಸಗಳ ಚರಿತ್ರೆಯಾಗಿ ನಿರೂಪಿಸಲಾಗುತ್ತದೆ. ಒತ್ತಿದ ಕೀಲಿಗೂ ತೆರೆಯ ಮೇಲಿನ ಅಕ್ಷರಕ್ಕೂ ಮಧ್ಯವರ್ತಿಯಾದ ಕೀಲಿಮಣೆ ಚಾಲಕ ತಂತ್ರಾಂಶದ ಪಾತ್ರವೂ ಅಷ್ಟೇ ಮಹತ್ವದ್ದು. ಪುತ್ತೂರು ಪಟ್ಟಣದ ದರ್ಬೆ ಎಂಬ ಸ್ಥಳನಾಮವೊಂದೇ ಇದಕ್ಕೆ ನಿದರ್ಶನವಾಗಬಲ್ಲದು.

ಮಂಗಳೂರು ಸಮೀಪದ ಕಿನ್ನಿಕಂಬಳದ ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸವು ಉಚ್ಚಾರಣೆಯ ಕ್ರಮವನ್ನು ಅನುಸರಿಸುತ್ತದೆ. ಅಲ್ಪಪ್ರಾಣಕ್ಕೆ ಕೀಲಿ, ಮಹಾಪ್ರಾಣಕ್ಕೆ ಅದೇ ಕೀಲಿಯೊಡನೆ ಶಿಫ್ಟ್, ವ್ಯಂಜನಗಳನ್ನು ಬೆಸೆಯಲು ‘ಎಫ್’ ಕೀಲಿ. ಹೀಗೆ ‘ದರ್ಬೆ’ಗೆ ಡಿ, ಆರ್, ಎಫ್, ಬಿ, ಇ ಎಂಬ ಐದು ಒತ್ತುಗಳು ಸಾಕು. ರಾವ್ ತಮ್ಮ ತಂತ್ರಾಂಶಕ್ಕೆ ಪುತ್ತೂರು ಪರಿಸರದ ಛಂದೋವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ (1902–1996) ನೆನಪಿನಲ್ಲಿ ‘ಸೇಡಿಯಾಪು’ ಎಂದು ಹೆಸರಿಟ್ಟದ್ದು ಉಲ್ಲೇಖನೀಯ. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯೂ ಇದೇ ವಿನ್ಯಾಸವನ್ನು ಅಳವಡಿಸಿಕೊಂಡಿತು.

ಆದರೆ ಅಂದಿನ ‘ನುಡಿ’ ಕಡತದಲ್ಲಿ ಉಳಿಯುತ್ತಿದ್ದುದು ವರ್ಣಗಳಲ್ಲ, ಅಕ್ಷರದ ಚೂರುಗಳು: ದಕಾರದ ಒಡಲು, ತಲೆಕಟ್ಟು, ಬಕಾರದ ಒಡಲು, ಎತ್ವ, ಕೊನೆಯಲ್ಲಿ ಅರ್ಕಾವತ್ತು. ಸಂಖ್ಯೆ ಇಲ್ಲಿಯೂ ಐದೇ. ಕ್ರಮ ಮಾತ್ರ ಬೇರೆ. ನುಡಿಯುವಾಗ ಬಕಾರಕ್ಕೆ ಮೊದಲು ಬರುವ ರೇಫವು ಕಡತದಲ್ಲಿ ಅದರ ನಂತರ ಬರುತ್ತದೆ. ಆದ್ದರಿಂದ ಅಕಾರಾದಿ ಜೋಡಣೆಯೂ ಪದಶೋಧವೂ ತಪ್ಪುತ್ತಿದ್ದವು; ತಕ್ಕ ಅಕ್ಷರಶೈಲಿ ಇಲ್ಲದ ಗಣಕದಲ್ಲಿ ಬರಹವು ಅರ್ಥವಿಲ್ಲದ ರೋಮನ್ ಚಿಹ್ನೆಗಳಾಗಿ ತೋರುತ್ತಿತ್ತು.

1991ರಲ್ಲಿ ಪ್ರಕಟವಾದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನವಿತ್ತು. ಅದರಲ್ಲಿ ‘ದರ್ಬೆ’ಯು ದ, ರ, ವಿರಾಮ, ಬ, ಎತ್ವ ಎಂಬ ಉಚ್ಚಾರಕ್ರಮದಲ್ಲಿಯೇ ಉಳಿಯುತ್ತದೆ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡ ಸೌಲಭ್ಯ ಒದಗಿತಾದರೂ ಸಂಕೀರ್ಣ ಲಿಪಿಗಳ ಕಡತಗಳನ್ನು ನಿಯಂತ್ರಣ ಫಲಕದ ಮೂಲಕ ಪ್ರತ್ಯೇಕವಾಗಿ ಸ್ಥಾಪಿಸಬೇಕಾಗಿತ್ತು. ಜೊತೆಗೆ ಬಂದ ಕೀಲಿಮಣೆ ಇನ್‌ಸ್ಕ್ರಿಪ್ಟ್. ಅಲ್ಲಿ ‘ಡಿ’ ಒತ್ತಿದರೆ ದಕಾರದ ಬದಲು ವಿರಾಮ ಚಿಹ್ನೆಯೇ ಮೂಡುತ್ತದೆ. ಉಚ್ಚಾರಾನುಸಾರಿ ವಿನ್ಯಾಸಕ್ಕೆ ಪಳಗಿದ ಕೈಗೆ ಇದು ಚಾಲಕದ ದೋಷವೆಂದು ತೋರಿದರೂ ವಾಸ್ತವದಲ್ಲಿ ಅದು ವಿನ್ಯಾಸದ ವ್ಯತ್ಯಾಸ.

ದೋಷನಿವಾರಣೆಯ ಮೊದಲ ಹೆಜ್ಜೆ ಈ ವಿವೇಚನೆಯೇ ಆಗಿದೆ. ಹೊಸದಾಗಿ ಬೆರಳಚ್ಚಿಸಿದ್ದು ಮಾತ್ರ ತಪ್ಪಾದರೆ ಕೀಲಿಮಣೆಯ ಆಯ್ಕೆಯನ್ನು ನೋಡಬೇಕು. ಏಕಕಾಲಕ್ಕೆ ಎರಡು ಕೀಲಿಮಣೆ ತಂತ್ರಾಂಶಗಳು ಚಾಲನೆಯಲ್ಲಿದ್ದರೆ ಒಂದನ್ನು ನಿಲ್ಲಿಸಬೇಕು. ಹಳೆಯ ಕಡತವೇ ಕೆಟ್ಟಂತೆ ಕಂಡರೆ ಅಕ್ಷರಶೈಲಿಯನ್ನು ಪರೀಕ್ಷಿಸಬೇಕು. 64 ಬಿಟ್‌ನ ವಿಂಡೋಸ್‌ನಲ್ಲಿ 16 ಬಿಟ್‌ನ ತಂತ್ರಾಂಶವೂ 32 ಬಿಟ್‌ನ ಚಾಲಕವೂ ನಡೆಯುವುದಿಲ್ಲ. ಅಲ್ಲಿ ಮರುಸ್ಥಾಪನೆಯ ಯತ್ನ ವ್ಯರ್ಥ.

ಗ್ರಂಥಾಲಯಗಳಿಗೆ ಈ ಪ್ರಶ್ನೆ ಕೇವಲ ತಾಂತ್ರಿಕವಲ್ಲ. ಹಳೆಯ ಸಂಕೇತದಲ್ಲಿರುವ ಪ್ರಬಂಧ, ಗ್ರಂಥಸೂಚಿ, ಸ್ಥಳನಾಮಕೋಶಗಳನ್ನು ಯೂನಿಕೋಡ್‌ಗೆ ಪರಿವರ್ತಿಸುವಾಗ ರೇಫವನ್ನು ವ್ಯಂಜನದ ಮುಂಚೆ ತಂದಿರಿಸಬೇಕು. ಅದು ತಪ್ಪಿದರೆ ದರ್ಬೆ ಪುಟದಲ್ಲಿ ಇದ್ದೂ ಶೋಧಕನಿಗೆ ದೊರೆಯದು. ಆದಕಾರಣ ಪರಿವರ್ತಿತ ಪಠ್ಯದೊಡನೆ ಮೂಲ ಕಡತವನ್ನೂ ಅದರ ಅಕ್ಷರಶೈಲಿಯನ್ನೂ ಕಾಪಾಡುವುದು ಅವಶ್ಯಕ.