ಗ್ರಾಮಾಫೋನ್ ಕಾಲದ ಹಾಡುಗಾರ್ತಿಯರು

"ನಮ್ಮ ಸಾಲಿಗೆ ಐವತ್ತು ವರ್ಷ ತುಂಬ್ಯಾವ. ಸ್ಮರಣ ಸಂಚಿಕೆಗೆ ಏನರೆ ಬರದು ಕಳಸಪಾ" ಎಂದು ನಮಗೆ ಸಮಾಜ ವಿಜ್ಞಾನ ಕಲಿಸಿದ ಗುರುಗಳು ಫೋನ್ ಮಾಡಿದರು. ನಾನು ಓದಿದ್ದು ಬಿ.ಇ., ಮಾಡುವ ಕೆಲಸ ಸಾಫ್ಟ್‌ವೇರ್. ಹೀಗಿದ್ದೂ ಇತಿಹಾಸದ ವಿಷಯವನ್ನೇ ಬರೆಯುತ್ತೇನೆ ಎಂದೆ. ಅದಕ್ಕೆ ಒಂದು ಕಾರಣವಿದೆ. ಗುರುಗಳಿಗೆ ನಾನು ಒಂಬತ್ತನೇ ತರಗತಿಯ ಒಂದು ಹೋಂವರ್ಕ್ ಬಾಕಿ ಉಳಿಸಿಕೊಂಡಿದ್ದೇನೆ.

ಆ ವರ್ಷ ಗುರುಗಳು "ನಿಮ್ಮ ನಿಮ್ಮ ಮನೆಯ ಹಿರಿಯರನ್ನು ಕೇಳಿ ಊರಿನ ಇತಿಹಾಸ ಬರೆದು ತನ್ನಿ" ಎಂದಿದ್ದರು. ನಾನು ಅಜ್ಜಿಯ ಮುಂದೆ ಪಟ್ಟಿ ಹಿಡಿದು ಕೂತೆ. ಅಜ್ಜಿ ಹಳೆಯ ಅಗಸಿ, ಕೆರೆ, ಪ್ಲೇಗು ಬಂದಾಗ ಜನ ಹೊಲದಲ್ಲಿ ಗುಡಿಸಲು ಹಾಕಿದ್ದು ಎಲ್ಲ ಹೇಳಿದಳು. ಕೊನೆಗೆ, ತನ್ನ ತವರೂರಿನ ಗೌಡರ ಮನೆಯಲ್ಲಿ ಕೀಲಿ ಕೊಟ್ಟರೆ ಹಾಡುವ ಪೆಟ್ಟಿಗೆ ಇತ್ತೆಂದೂ, ಕಟ್ಟೆಯ ಕೆಳಗೆ ಕೂತು ಅದರಿಂದ ನಾಟಕದ ಪದ ಕಲಿತೆನೆಂದೂ ಹೇಳಿ, "ನನ್ನ ಪದಾನೂ ಬರಕೋ" ಎಂದಳು. "ಅದು ಇತಿಹಾಸ ಅಲ್ಲ ಬಿಡಬೇ ಅಜ್ಜಿ" ಎಂದು ನಾನು ಪಟ್ಟಿ ಮುಚ್ಚಿದೆ. ಹತ್ತಕ್ಕೆ ಒಂಬತ್ತು ಅಂಕ ಬಂತು. ಆ ಒಂದು ಅಂಕ ಏಕೆ ಹೋಯಿತೆಂದು ಈಗ ತಿಳಿಯುತ್ತಿದೆ.

ಹಾಡುವ ಪೆಟ್ಟಿಗೆ ನಮ್ಮ ದೇಶದ ಧ್ವನಿಗಳನ್ನು ಹಿಡಿಯತೊಡಗಿದ್ದು 1902ರಲ್ಲಿ. ಲಂಡನ್ನಿನ ಗ್ರಾಮಾಫೋನ್ ಕಂಪನಿ ಫ್ರೆಡ್ ಗೈಸ್‌ಬರ್ಗ್ ಎಂಬ ತಂತ್ರಜ್ಞನನ್ನು ಕಲ್ಕತ್ತೆಗೆ ಕಳಿಸಿತು. ಆತ ಆ ನವೆಂಬರಿನಲ್ಲಿ ಹೋಟೆಲಿನ ಕೋಣೆಯೊಂದರಲ್ಲಿ ಯಂತ್ರ ಹೂಡಿದ. ಆಗ ಮೈಕ್ ಇರಲಿಲ್ಲ. ಹಾಡುವವರು ದೊಡ್ಡದೊಂದು ತುತ್ತೂರಿಯ ಬಾಯಿಗೆ ಮುಖವೊಡ್ಡಿ ಗಟ್ಟಿಯಾಗಿ ಹಾಡಬೇಕು. ಆ ಸದ್ದಿಗೆ ತುದಿಯಲ್ಲಿದ್ದ ತೆಳುವಾದ ಪೊರೆ ಅದುರಿ, ಅದಕ್ಕೆ ಹೊಂದಿಸಿದ ಮುಳ್ಳು ತಿರುಗುವ ಮೇಣದ ತಟ್ಟೆಯ ಮೇಲೆ ಗೆರೆ ಕೊರೆಯುತ್ತಿತ್ತು. ನಡುವೆ ಕೆಮ್ಮಿದರೆ, ಒಂದು ಪದ ತಪ್ಪಿದರೆ ಆ ಮೇಣ ಹಾಳು, ಮತ್ತೆ ಮೊದಲಿನಿಂದ ಹಾಡಬೇಕು. ಹೀಗೆ ಕೊರೆದ ಮೇಣ ಹಡಗು ಹತ್ತಿ ಜರ್ಮನಿಯ ಹ್ಯಾನೋವರ್‌ಗೆ ಹೋಗಿ, ಅಲ್ಲಿ ಅಚ್ಚಾಗಿ, ಪ್ಲೇಟುಗಳಾಗಿ ತಿರುಗಿ ಬರುತ್ತಿತ್ತು. ಕಲ್ಕತ್ತೆಯಲ್ಲೇ ಪ್ಲೇಟು ಒತ್ತುವ ಕಾರ್ಖಾನೆ ಶುರುವಾದದ್ದು 1908ರಲ್ಲಿ. ಪ್ಲೇಟಿಗೆ ಬೇಕಾದ ಅರಗು ಮಾತ್ರ ಮೊದಲಿನಿಂದಲೂ ನಮ್ಮ ದೇಶದ ಕಾಡುಗಳದ್ದೇ.

ಒಂದು ಪ್ಲೇಟಿನ ಒಂದು ಬದಿಗೆ ಹಿಡಿಸುತ್ತಿದ್ದುದು ಮೂರು ನಿಮಿಷದ ಆಸುಪಾಸು. ರಾತ್ರಿಯಿಡೀ ಒಂದೇ ರಾಗ ಹಾಡಬಲ್ಲವರು ಆಲಾಪ, ಚೀಜು, ತಾನು ಎಲ್ಲವನ್ನೂ ಮೂರು ನಿಮಿಷಕ್ಕೆ ಇಳಿಸಬೇಕಾಯಿತು. ದೊಡ್ಡ ಫೈಲನ್ನು ಸಣ್ಣದು ಮಾಡುವುದು ನನ್ನ ನಿತ್ಯದ ಕೆಲಸ. ಮಾಡುವಾಗ ಏನೋ ಒಂದು ಕಳೆದೇ ಹೋಗುತ್ತದೆ ಎಂಬುದು ನನಗೆ ಗೊತ್ತು. ಆದರೆ ಆ ಕಾಲದ ಒಳ್ಳೆಯ ಪ್ಲೇಟುಗಳನ್ನು ಕೇಳಿದರೆ ಏನನ್ನು ಉಳಿಸಬೇಕೆಂದು ಆ ಗಾಯಕರು ಎಷ್ಟು ಚೆನ್ನಾಗಿ ಬಲ್ಲವರಾಗಿದ್ದರು ಎಂದು ಆಶ್ಚರ್ಯವಾಗುತ್ತದೆ.

ಆ ತುತ್ತೂರಿಯ ಮುಂದೆ ಮೊದಲು ನಿಂತವರು ಯಾರು? ನಾನಾ ಭಯ, ಬಿಗುಮಾನಗಳಿಂದ ಹಲವು ದೊಡ್ಡ ಉಸ್ತಾದರು ಹಿಂಜರಿದರು. ಧೈರ್ಯ ಮಾಡಿದವರು ಹೆಣ್ಣುಮಕ್ಕಳು. ಅವರು 'ಗೌರವಸ್ಥ' ಮನೆಗಳವರಲ್ಲ. ಉತ್ತರದಲ್ಲಿ ತವಾಯಫರು, ದಕ್ಷಿಣದಲ್ಲಿ ದೇವದಾಸಿ ಮನೆತನಗಳಿಂದ ಬಂದವರು. ಅವರಲ್ಲಿ ಬಹು ದೊಡ್ಡ ಹೆಸರು ಗೌಹರ್ ಜಾನ್. 1873ರಲ್ಲಿ ಆಜಂಗಢದಲ್ಲಿ ಹುಟ್ಟಿದ ಆಕೆಯ ಮೊದಲ ಹೆಸರು ಏಂಜೆಲಿನಾ. ತಂದೆ ಬಿಟ್ಟುಹೋದ ಮೇಲೆ ತಾಯಿ ಮಗಳನ್ನು ಕಟ್ಟಿಕೊಂಡು ಬನಾರಸಿಗೆ ಬಂದು, ಧರ್ಮ ಬದಲಿಸಿ ಮಲ್ಕಾ ಜಾನ್ ಎಂಬ ಹೆಸರಿನಲ್ಲಿ ಹಾಡುಗಾರ್ತಿಯಾದಳು. ಮುಂದೆ ಇಬ್ಬರೂ ಕಲ್ಕತ್ತೆಯಲ್ಲಿ ನೆಲೆಸಿದರು. ಗೌಹರ್ ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಪ್ಲೇಟು ಕೊಟ್ಟಳು. 1911ರ ದಿಲ್ಲಿ ದರ್ಬಾರಿನಲ್ಲಿ ಅಲಹಾಬಾದಿನ ಜಾನಕಿಬಾಯಿಯ ಜೊತೆ ಹಾಡಿದಳು. ಬೆಂಕಿಪೊಟ್ಟಣಗಳ ಮೇಲೂ ಆಕೆಯ ಚಿತ್ರ ಬಂತು.

ಆಕೆಯ ಪ್ಲೇಟುಗಳಲ್ಲಿ ಹಾಡು ಮುಗಿಯುತ್ತಿದ್ದಂತೆ, ತಾನು ಗೌಹರ್ ಜಾನ್ ಎಂದು ಇಂಗ್ಲಿಷಿನಲ್ಲಿ ಆಕೆ ಹೇಳುವುದು ಕೇಳಿಸುತ್ತದೆ. ಇದು ಜಂಬವಲ್ಲ. ಹ್ಯಾನೋವರಿನಲ್ಲಿ ಕೂತ ಜರ್ಮನ್ ಕೆಲಸಗಾರನಿಗೆ ನಮ್ಮ ಭಾಷೆ ಬರುತ್ತಿರಲಿಲ್ಲ; ಯಾವ ಪ್ಲೇಟಿಗೆ ಯಾರ ಹೆಸರಿನ ಚೀಟಿ ಹಚ್ಚಬೇಕೆಂದು ಆತನಿಗೆ ತಿಳಿಯಲೆಂದು ಮಾಡಿಕೊಂಡ ಏರ್ಪಾಡು. ನಾವು ಈಗ ಫೈಲಿನೊಳಗೇ ಅದರ ವಿವರ ಸೇರಿಸಿಡುತ್ತೇವಲ್ಲ, ಹಾಗೆ. ನೂರಿಪ್ಪತ್ತು ವರ್ಷ ಕಳೆದರೂ ಆ ಧ್ವನಿ ಯಾರದೆಂಬ ಅನುಮಾನಕ್ಕೆ ಎಡೆಯಿಲ್ಲ. ಹಾಡಿದವಳೇ ತನ್ನ ಹೆಸರು ಹೇಳಿ ಹೋಗಿದ್ದಾಳೆ.

ಈ ಕಥೆಯ ಕೊನೆ ನಮ್ಮ ನಾಡಿನಲ್ಲೇ ಆಯಿತು. ಆಸ್ತಿಯ ವ್ಯಾಜ್ಯಗಳಲ್ಲಿ ಹಣ ಕರಗಿ, ವಯಸ್ಸು ಇಳಿದ ಮೇಲೆ ಗೌಹರ್ ಮೈಸೂರಿಗೆ ಬಂದಳು. ನಾಲ್ವಡಿ ಕೃಷ್ಣರಾಜ ಒಡೆಯರು 1928ರ ಆಗಸ್ಟ್ 1ರಂದು ಆಕೆಯನ್ನು ಅರಮನೆಯ ಗಾಯಕಿಯಾಗಿ ನೇಮಿಸಿಕೊಂಡರು. ಒಂದೂವರೆ ವರ್ಷವೂ ಪೂರ್ತಿ ಆಗಲಿಲ್ಲ, 1930ರ ಜನವರಿ 17ರಂದು ಮೈಸೂರಿನಲ್ಲೇ ತೀರಿಕೊಂಡಳು. ವಿಕ್ರಮ್ ಸಂಪತ್ ಅವರು ಆಕೆಯ ಜೀವನ ಚರಿತ್ರೆಯನ್ನು 2010ರಲ್ಲಿ ಪ್ರಕಟಿಸುವವರೆಗೆ ನಮ್ಮಲ್ಲಿ ಹೆಚ್ಚಿನವರಿಗೆ ಈ ಸಂಗತಿಯೇ ತಿಳಿದಿರಲಿಲ್ಲ.

ದಕ್ಷಿಣದಲ್ಲಿ ಆರಂಭದ ಪ್ಲೇಟುಗಳನ್ನು ಕೊಟ್ಟವರಲ್ಲಿ ಸೇಲಂ ಗೋದಾವರಿ, ಕೊಯಮತ್ತೂರು ತಾಯಿ, ಬೆಂಗಳೂರು ನಾಗರತ್ನಮ್ಮ ಇದ್ದಾರೆ. ನಾಗರತ್ನಮ್ಮ ನಂಜನಗೂಡಿನಲ್ಲಿ 1878ರಲ್ಲಿ ಹುಟ್ಟಿದವರು. ತಿರುವೈಯಾರಿನಲ್ಲಿ ಪಾಳುಬಿದ್ದಿದ್ದ ತ್ಯಾಗರಾಜರ ಸಮಾಧಿಗೆ 1920ರ ದಶಕದಲ್ಲಿ ತಮ್ಮ ಸ್ವಂತ ದುಡ್ಡಿನಿಂದ ಮಂಟಪ ಕಟ್ಟಿಸಿದವರು. ಕಟ್ಟಿಸಿದವರು ಅವರಾದರೂ ಆರಾಧನೆಯಲ್ಲಿ ಹೆಂಗಸರು ಹಾಡುವಂತಿರಲಿಲ್ಲ. ನಾಗರತ್ನಮ್ಮ ಹೆಂಗಸರದೇ ಗುಂಪು ಕಟ್ಟಿ ಅಲ್ಲೇ ಹಾಡಿದರು.

ಇನ್ನು ನಮ್ಮ ಧಾರವಾಡ ಸೀಮೆ. ಗಂಗೂಬಾಯಿ ಹಾನಗಲ್ಲರು 1913ರಲ್ಲಿ ಧಾರವಾಡದಲ್ಲಿ ಹುಟ್ಟಿದರು. ಚಿಕ್ಕಂದಿನಲ್ಲಿ ಗ್ರಾಮಾಫೋನಿನ ಸದ್ದು ಕಿವಿಗೆ ಬಿದ್ದರೆ ಬೀದಿಗೆ ಓಡಿಹೋಗಿ ಕೇಳುತ್ತಿದ್ದರಂತೆ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಮಗಳ ಹಿಂದೂಸ್ತಾನಿ ಕಲಿಕೆಗೆ ಅಡ್ಡಿಯಾಗಬಾರದೆಂದು ತಮ್ಮ ಹಾಡನ್ನೇ ನಿಲ್ಲಿಸಿಬಿಟ್ಟರು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರ ಎದುರು ಹಾಡಿದ ಹುಡುಗಿ ಈಕೆ. ಅದೇ ಹುಡುಗಿ ಮುಂದೆ ಬೀದಿಯಲ್ಲಿ ನಡೆದರೆ ಹಾಡುವವಳು ಹೊರಟಳೆಂದು ಹಂಗಿಸುವವರಿದ್ದರು. 1930ರ ದಶಕದ ಆರಂಭದಲ್ಲಿ ಎಚ್.ಎಂ.ವಿ. ಕಂಪನಿ ಅವರ ಪ್ಲೇಟುಗಳನ್ನು ತಂದಾಗ ಚೀಟಿಯ ಮೇಲಿದ್ದ ಹೆಸರು 'ಗಾಂಧಾರಿ, ಹುಬ್ಬಳ್ಳಿ'. ಆ ಪ್ಲೇಟುಗಳ ಧ್ವನಿ ಬಹಳ ತೆಳು. ನಾವು ಬಲ್ಲ ಗಂಭೀರವಾದ ಧ್ವನಿ ಗಂಟಲಿನ ಚಿಕಿತ್ಸೆಯ ನಂತರದ್ದು. ಆ ಪ್ಲೇಟುಗಳು ಇಲ್ಲದಿದ್ದರೆ ಅವರ ಮೊದಲ ಧ್ವನಿ ಹೇಗಿತ್ತೆಂದು ಯಾರಿಗೂ ತಿಳಿಯುತ್ತಿರಲಿಲ್ಲ.

ಇದೇ ಕಾಲಕ್ಕೆ ಗದಗಿನಲ್ಲಿ ಒಬ್ಬ ಹುಡುಗನಿದ್ದ. ತಂದೆ ಶಾಲಾ ಮಾಸ್ತರರು. ಹುಡುಗ ಭಜನೆಯ ಮೇಳ, ಬ್ಯಾಂಡಿನ ಬೆನ್ನು ಹತ್ತಿ ಎಲ್ಲೆಲ್ಲೋ ಹೋಗಿ ಮಲಗಿಬಿಡುತ್ತಿದ್ದ. ಹುಡುಕಿ ಸಾಕಾದ ತಂದೆ ಅವನ ಅಂಗಿಯ ಮೇಲೆ 'ಜೋಶಿ ಮಾಸ್ತರರ ಮಗ' ಎಂದು ಬರೆಸಿದ್ದರು. ಆ ಹುಡುಗ ಒಂದು ದಿನ ಅಂಗಡಿಯಲ್ಲಿ ಅಬ್ದುಲ್ ಕರೀಂ ಖಾನರ ಠುಮ್ರಿಯ ಪ್ಲೇಟು ಕೇಳಿದ. ಹಾಗೆ ಹಾಡಲೇಬೇಕೆಂದು 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಹುಡುಕಿ ಮನೆ ಬಿಟ್ಟ. ಊರೂರು ಅಲೆದು ಕೊನೆಗೆ ಗುರು ಸಿಕ್ಕಿದ್ದು ಹತ್ತಿರದ ಕುಂದಗೋಳದಲ್ಲೇ. ಅವರು ಅಬ್ದುಲ್ ಕರೀಂ ಖಾನರ ಶಿಷ್ಯರಾದ ಸವಾಯಿ ಗಂಧರ್ವರು. ಗಂಗೂಬಾಯಿಯವರು ರೈಲಿನಲ್ಲಿ ಹೋಗಿ ಬಂದು ಕಲಿತದ್ದೂ ಅವರ ಬಳಿಯೇ. ಆ ಹುಡುಗ ಭಾರತರತ್ನ ಭೀಮಸೇನ ಜೋಶಿ. ಅಂಗಡಿಯಲ್ಲಿ ತಿರುಗಿದ ಮೂರು ನಿಮಿಷದ ಒಂದು ಪ್ಲೇಟಿನಿಂದ ಇಷ್ಟೆಲ್ಲ ಆಯಿತು.

ನಮ್ಮ ಅಜ್ಜಿಯೂ ಅಂಥದೇ ಪ್ಲೇಟು ಕೇಳಿ ಕಲಿತವಳು. ಆದರೆ ಮದುವೆಯಾಗಿ ಬಂದ ಮನೆಯಲ್ಲಿ "ಮರ್ಯಾದಸ್ಥರ ಮನಿ ಹೆಣ್ಣಮಕ್ಕಳು ನಾಟಕದ ಪದ ಹಾಡಬಾರದು" ಎಂದರು. ಬೀಸುವ ಪದಕ್ಕೆ, ಸೋಬಾನೆ ಪದಕ್ಕೆ ಅಡ್ಡಿಯಿರಲಿಲ್ಲ. ನಾಟಕದ ಪದ ಮಾತ್ರ ಮನೆಯಲ್ಲಿ ಯಾರೂ ಇಲ್ಲದಾಗ ಸಣ್ಣ ದನಿಯಲ್ಲಿ. ಆ ಪದಗಳನ್ನು ಪ್ಲೇಟಿಗೆ ಕೊಟ್ಟ ಹೆಂಗಸರಿಗೆ ಊರು ಅಂಟಿಸಿದ ಕಳಂಕ, ಕೇಳಿ ಕಲಿತ ಹೆಂಗಸಿನ ಬಾಯಿಯನ್ನೂ ಮುಚ್ಚಿಸಿತ್ತು. ಇದನ್ನೆಲ್ಲ ಓದಿದ ಮೇಲೆ ನನಗೆ ಒಂದು ಮಾತು ಹೊಳೆಯಿತು: ಅಷ್ಟು ವರ್ಷ ಬಚ್ಚಿಟ್ಟುಕೊಂಡದ್ದನ್ನು ಅಜ್ಜಿ ತಾನಾಗಿ "ಬರಕೋ" ಎಂದು ಕೊಟ್ಟಿದ್ದು ಅದೊಂದೇ ಸಲ. ಬೇಡವೆಂದವನು ನಾನು.

ಮೊದಲ ಸಂಬಳದಲ್ಲಿ ಧ್ವನಿ ಹಿಡಿಯುವ ಫೋನು ಕೊಂಡೆ. ಊರಿಗೆ ಹೋದಾಗ ಅಜ್ಜಿಯ ಪದ ಹಿಡಿದಿಡಬೇಕು ಎಂದುಕೊಳ್ಳುತ್ತಲೇ ಮೂರು ದೀಪಾವಳಿ ಕಳೆದವು. ನಾಲ್ಕನೆಯದಕ್ಕೆ ಅಜ್ಜಿ ಇರಲಿಲ್ಲ. ಈಗ ನನ್ನ ಬಳಿ ಇರುವುದು ಮನೆಯ ಮದುವೆಯೊಂದರ ವಿಡಿಯೋದಲ್ಲಿ ಸಿಕ್ಕ ನಲವತ್ತು ಸೆಕೆಂಡು. ಅಜ್ಜಿ ಅಕ್ಕಿ ಹಸನು ಮಾಡುತ್ತ ಏನೋ ಗುನುಗುತ್ತಿದ್ದಾಳೆ, ಮೇಲೆ ಮಿಕ್ಸರಿನ ಸದ್ದು. ಮಿಕ್ಸರಿನ ಸದ್ದನ್ನು ತೆಗೆಯಲು ನನಗೆ ತಿಳಿದ ಎಲ್ಲ ಸಾಫ್ಟ್‌ವೇರನ್ನೂ ಬಳಸಿ ನೋಡಿದೆ. ರಾಗದ ಏರಿಳಿತ ಸಿಗುತ್ತದೆ. ಸಾಹಿತ್ಯ ಸಿಗುವುದಿಲ್ಲ.

ಈಗ ಓದುತ್ತಿರುವ ತಮ್ಮ ತಂಗಿಯರಿಗೆ ಒಂದು ಮಾತು. ನಿಮ್ಮ ಮನೆಯಲ್ಲಿ ಫೋನಿದೆ. ಗೈಸ್‌ಬರ್ಗನಂತೆ ಮೇಣ, ಹಡಗು, ಹ್ಯಾನೋವರ್ ಯಾವುದೂ ಬೇಕಿಲ್ಲ. ಅಜ್ಜ, ಅಜ್ಜಿ, ಓಣಿಯ ಹಿರಿಯರು ಹಾಡುವ ಪದವನ್ನು ಮೂರು ನಿಮಿಷ ಹಿಡಿಯಿರಿ. ಕೊನೆಗೆ ಅವರ ಹೆಸರು, ಊರು, ಆ ಪದವನ್ನು ಎಲ್ಲಿ ಕಲಿತರು ಎಂಬುದನ್ನು ಅವರ ಬಾಯಿಂದಲೇ ಹೇಳಿಸಿ. ಅವನ್ನೆಲ್ಲ ಒಟ್ಟುಮಾಡಿ ಶಾಲೆಯ ಕಂಪ್ಯೂಟರಿನಲ್ಲಿ ಜೋಡಿಸಿ ಕೊಡುವ ಕೆಲಸ ನನ್ನದು. ಗುರುಗಳಿಗೆ ಮಾತು ಕೊಟ್ಟಿದ್ದೇನೆ. ಮೊದಲ ಫೈಲು ಆಗಲೇ ಹಾಕಿದ್ದೇನೆ. ನಲವತ್ತು ಸೆಕೆಂಡಿನದು. ಅದರ ಕೊನೆಗೆ ಅಜ್ಜಿಯ ಹೆಸರನ್ನು ನಾನೇ ಹೇಳಿದ್ದೇನೆ.

(ಲೇಖಕರು ಶಾಲೆಯ ಹಳೆಯ ವಿದ್ಯಾರ್ಥಿ, ಬಿ.ಇ. ಪದವೀಧರರು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್.)